ಓಮ್ನಿ ಗೇರ್‌ಬಾಕ್ಸಿಗೆ ಯಾವ ಆಯಿಲ್? ಒಬ್ರು 90 ಅಂತಾರೆ, ಒಬ್ರು 140. ಘಾಟಿಲಿ ಎರಡನೇ ಗೇರ್ ಬೀಳ್ತಿಲ್ಲ

ತೀರ್ಥಹಳ್ಳಿ ಓಮ್ನಿ

ಎಲ್ಲರಿಗೂ ನಮಸ್ಕಾರ. ನಮ್ಮದು 2014ರ ಓಮ್ನಿ. ಮನೆ ತೀರ್ಥಹಳ್ಳಿ ಹತ್ರ. ತೋಟಕ್ಕೆ ಗೊಬ್ಬರ ತರೋದು, ಅಡಿಕೆ ಮೂಟೆ ಮಂಡಿಗೆ ಹಾಕೋದು, ಅಮ್ಮನ್ನ ಮಣಿಪಾಲಕ್ಕೆ ತೋರ್ಸೋಕೆ ಕರ್ಕೊಂಡು ಹೋಗೋದು, ಎಲ್ಲಕ್ಕೂ ಇದೊಂದೇ ಗಾಡಿ. ಹಾಗಾಗಿ ಆಗುಂಬೆ ಘಾಟಿ ಇಳಿಯೋದು ಹತ್ತೋದು ಇದ್ದೇ ಇರುತ್ತೆ.

ತೊಂದರೆ ಏನಂದ್ರೆ, ಬೆಳಿಗ್ಗೆ ಗಾಡಿ ತೆಗೆದ ಕೂಡ್ಲೆ ಎರಡನೇ ಗೇರ್ ಬೀಳಲ್ಲ. ಲಿವರ್ ಅರ್ಧಕ್ಕೆ ಹೋಗಿ ಗಟ್ಟಿ ನಿಲ್ಲುತ್ತೆ, ಒತ್ತಿ ಹಿಡ್ಕೊಂಡ್ರೆ ಆಮೇಲೆ ಟಕ್ ಅಂತ ಒಳಗೆ ಹೋಗುತ್ತೆ. ಒಂದಷ್ಟು ದೂರ ಓಡಿ ಬಿಸಿಯಾದ್ಮೇಲೆ ಒಂದರಿಂದ ಎರಡಕ್ಕೆ ಪರವಾಗಿಲ್ಲ. ಆದ್ರೆ ಘಾಟಿಯ ತಿರುವಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಅಂತ ಹಲ್ಲು ಕಡಿದ ಶಬ್ದ. ಆ ಘಾಟಿಲಿ 14 ಹೇರ್‌ಪಿನ್ ತಿರುವಿದೆ, ಹಿಂದೆ ಅಮ್ಮ ಕೂತಿರ್ತಾರೆ. ತಿರುವಿನ ಮಧ್ಯೆ ಗೇರ್ ಬೀಳದೆ ಗಾಡಿ ನ್ಯೂಟ್ರಲ್ಲಿಗೆ ಬಂದ್ರೆ ಎದೆ ಧಸಕ್ ಅನ್ನುತ್ತೆ.

ಕಳೆದ ಮಳೆಗಾಲಕ್ಕೆ ಮುಂಚೆ ಸರ್ವಿಸ್ ಆಗಿತ್ತು. ಆಗ ಗ್ಯಾರೇಜಿನವರು ಗೇರ್‌ಬಾಕ್ಸಿಗೂ ಹಿಂದಿನ ಕ್ರೌನಿಗೂ (ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್) ಒಂದೇ ಡಬ್ಬದ ಆಯಿಲ್ ಹಾಕಿದ್ರು. ಮಿಕ್ಕಿದ್ದು ನಮ್ಮ ಮನೇಲೇ ಇದೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ "ಇಪಿ 90", ಕೆಳಗೆ ಕಣ್ಣಿಗೆ ಕಾಣದ ಹಾಗೆ "ಎಪಿಐ ಜಿಎಲ್-5" ಅಂತ ಇದೆ. ಈ ಶಬ್ದ ಶುರುವಾಗಿದ್ದು ಅದಾದ್ಮೇಲೇ.

ಈಗ ಕೇಳಿದ ಕಡೆಯೆಲ್ಲ ಬೇರೆ ಬೇರೆ ಉತ್ತರ. ಒಬ್ರು 140 ಹಾಕ್ಸಿ, ದಪ್ಪ ಇದ್ರೆ ಶಬ್ದ ನಿಲ್ಲುತ್ತೆ ಅಂತಾರೆ. ಇನ್ನೊಬ್ರು 90 ಇದ್ರಾಯ್ತು, ಯಾವ ಕಂಪನಿದಾದ್ರೂ ಒಂದೇ ಅಂತಾರೆ. ಸ್ಪೇರ್ ಅಂಗಡಿಯವರು ಸಿಂಥೆಟಿಕ್ 75 ಡಬ್ಲ್ಯೂ-90 ತಗೊಂಡು ಹೋಗಿ ಅಂದ್ರು. ಜಿಎಲ್ ಅಂದ್ರೆ ಏನು, ಅದು ನೋಡ್ಬೇಕಾ, ಯಾರೂ ಹೇಳ್ಲಿಲ್ಲ. ಗೊತ್ತಿರೋರು ಬಿಡಿಸಿ ಹೇಳಿ ಮಾರಾಯ್ರೆ.

ಅರಕಲಗೂಡು ಟ್ರ್ಯಾಕ್ಟರ್

ನಮ್ಮ ಹಳೇ ಜೀಪಿನ ಗೇರ್‌ಬಾಕ್ಸ್ ಕೂಗ್ತಾ ಇತ್ತು. 140 ಹಾಕ್ಸಿದ್ಮೇಲೆ ಕೂಗು ಕಡಿಮೆ ಆಯ್ತು. ಟ್ರ್ಯಾಕ್ಟರಿಗೂ ದಪ್ಪ ಆಯಿಲ್ಲೇ ಹಾಕೋದು. ಘಾಟಿ ಹತ್ತೋ ಗಾಡಿ, ಲೋಡೂ ಇರುತ್ತೆ ಅಂತೀರಿ. ದಪ್ಪನೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಗೇರ್‌ಬಾಕ್ಸ್ ಮೇಸ್ತ್ರಿ, ಶಿವಮೊಗ್ಗ

ತೀರ್ಥಹಳ್ಳಿಯವರೇ, ಆಯಿಲ್ ವಿಷಯಕ್ಕೆ ಬರೋ ಮೊದಲು ಕ್ಲಚ್ ನೋಡ್ಬೇಕು. "ಗೇರ್ ಬೀಳ್ತಿಲ್ಲ" ಅಂತ ನಮ್ಮ ಶೆಡ್ಡಿಗೆ ಬರೋ ಎಷ್ಟೋ ಗಾಡಿಗಳಲ್ಲಿ ಗೇರ್‌ಬಾಕ್ಸ್ ಚೆನ್ನಾಗೇ ಇರುತ್ತೆ, ಕ್ಲಚ್ ಪೂರ್ತಿ ಬಿಡ್ತಾ ಇರಲ್ಲ. ಪರೀಕ್ಷೆ ನೀವೇ ಮಾಡ್ಬಹುದು. ಸಮ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಎಲ್ಲಾ ಗೇರೂ ಹಾಕಿ ನೋಡಿ. ಸಲೀಸಾಗಿ ಬಿದ್ರೆ ಇಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ತುಳಿದು ಮೂರ್ನಾಲ್ಕು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಅಷ್ಟು ಹೊತ್ತು ಕಾದ್ರೂ ರಿವರ್ಸ್ ಕರ್ ಅಂದ್ರೆ ಕ್ಲಚ್ ಹಿಡ್ಕೊಂಡೇ ಇದೆ ಅಂತ ಅರ್ಥ. ಓಮ್ನಿದು ಕೇಬಲ್ ಕ್ಲಚ್. ಕೇಬಲ್ ಎಳೆದು ಎಳೆದು ಉದ್ದ ಆಗಿರುತ್ತೆ, ತುದಿಯ ನಟ್ಟಲ್ಲಿ ಅಡ್ಜಸ್ಟ್ ಮಾಡಿದ್ರೆ ಮುಗೀತು. ಹಾಗಂತ ಪೆಡಲಿನ ಫ್ರೀ ಪ್ಲೇ, ಅಂದ್ರೆ ಮೊದಲಿಗೆ ಪೆಡಲ್ ಸುಮ್ನೆ ಒಳಗೆ ಹೋಗೋ ಅಂತರ, ಪೂರ್ತಿ ತೆಗೆದುಬಿಟ್ರೆ ಪ್ಲೇಟ್ ಜಾರಿ ಸುಟ್ಟುಹೋಗುತ್ತೆ, ಪುಸ್ತಕದಲ್ಲಿ ಹೇಳಿದಷ್ಟು ಬಿಡ್ಲೇಬೇಕು.

ಆದ್ರೆ ನಿಮ್ಮ ಲಕ್ಷಣ ಕ್ಲಚ್ಚಿನದಲ್ಲ ಅಂತ ನನಗನ್ಸುತ್ತೆ. ಕ್ಲಚ್ ಬಿಡ್ದಿದ್ರೆ ನಿಂತಲ್ಲೇ ಒಂದನೇ ಗೇರು, ರಿವರ್ಸು ತಕರಾರು ಮಾಡ್ತವೆ. ನಿಮ್ಮಲ್ಲಿ ಓಡ್ತಾ ಇರುವಾಗ ಎರಡನೇದು ಮಾತ್ರ. ಅದು ಸಿಂಕ್ರೋ ರಿಂಗಿನ ಕೆಲಸ. ಆ ರಿಂಗಿಗೂ ಆಯಿಲ್ಲಿಗೂ ನೇರ ಸಂಬಂಧ ಇದೆ.

ರಿಂಗ್ ಏನು ಮಾಡುತ್ತೆ ಹೇಳ್ತೀನಿ. ಎರಡನೇ ಗೇರಿನ ಪಕ್ಕದಲ್ಲಿ ಒಂದು ಸ್ಟೀಲ್ ಕೋನ್ ಇರುತ್ತೆ, ಅದರ ಮೇಲೆ ಟೋಪಿ ಥರ ಕೂರೋದು ಈ ಹಿತ್ತಾಳೆ ರಿಂಗ್. ನೀವು ಲಿವರ್ ತಳ್ಳಿದಾಗ ಸ್ಲೀವ್ (ಶಾಫ್ಟಿನ ಮೇಲೆ ಜಾರೋ ಹಲ್ಲಿನ ಬಳೆ) ಮೊದಲು ರಿಂಗನ್ನ ಕೋನಿನ ಮೇಲೆ ಒತ್ತುತ್ತೆ. ಎರಡೂ ಉಜ್ಜಿ ಗೇರಿನ ವೇಗ, ಶಾಫ್ಟಿನ ವೇಗ ಒಂದಾಗುತ್ತೆ. ಒಂದಾದ್ಮೇಲೆ ತಾನೇ ಸ್ಲೀವ್ ಜಾರಿ ಹಲ್ಲು ಕೂರುತ್ತೆ. ರಿಂಗಿನ ಒಳಮೈಯಲ್ಲಿ ದಾರದಷ್ಟು ಸಣ್ಣ ಗೆರೆಗಳಿರ್ತವೆ. ಕೋನಿನ ಮೇಲಿರೋ ಆಯಿಲ್ ಪದರ ಕತ್ತರಿಸಿ ಹೊರಗೆ ಹಾಕೋದಕ್ಕೇ ಆ ಗೆರೆ. ಹೊಸ ರಿಂಗಲ್ಲಿ ಗೆರೆಯ ತುದಿ ಉಗುರಿಗೆ ತಾಗುತ್ತೆ. ಸವೆದ ರಿಂಗ್ ಬೆರಳಾಡಿಸಿದ್ರೆ ನುಣ್ಣಗೆ, ಕನ್ನಡಿ ಹಾಗೆ ಹೊಳೀತಾ ಇರುತ್ತೆ. ಬಾಕ್ಸ್ ಬಿಚ್ಚಿದಾಗ ನಾನು ಮೊದಲು ನೋಡೋದೇ ಎರಡನೇ ಗೇರಿನ ರಿಂಗು. ಕೋನಿನ ಮೇಲಿಟ್ಟು ಒತ್ತಿ ತಿರುಗಿಸ್ತೀನಿ. ಚೆನ್ನಾಗಿದ್ರೆ ಕಚ್ಚಿ ಹಿಡಿಯುತ್ತೆ, ಕೈಗೆ ಗೊತ್ತಾಗುತ್ತೆ, ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ಮಧ್ಯೆ ಫೀಲರ್ ಗೇಜ್ ತೂರುವಷ್ಟು ಸಂದಿ ಉಳಿದಿರುತ್ತೆ. ಸವೆದಿದ್ದು ಸುಮ್ನೆ ಸುತ್ತುತ್ತೆ, ಸಂದಿಯೇ ಇರಲ್ಲ, ಹೋಗಿ ಅಂಟಿಕೊಂಡಿರುತ್ತೆ. ಎರಡನೇದೇ ಬೇಗ ಸವೆಯೋಕೆ ಕಾರಣ, ಕೆಳಗಿನ ಗೇರುಗಳ ಮಧ್ಯೆ ವೇಗದ ಅಂತರ ಜಾಸ್ತಿ, ರಿಂಗಿಗೆ ಕೆಲಸವೂ ಜಾಸ್ತಿ.

ಅಂದ್ರೆ ರಿಂಗಿಗೆ ಬೇಕಾಗಿರೋದು ಹಿಡಿತ. ಈಗ ಜಿಎಲ್ ನೋಡಿ. ಜಿಎಲ್-4, ಜಿಎಲ್-5 ಅನ್ನೋದು ಆಯಿಲ್ಲಿನ ದಪ್ಪ ಅಲ್ಲ, ಅದರೊಳಗೆ ಒತ್ತಡ ತಡೆಯೋ ಗಂಧಕ-ರಂಜಕದ ಮದ್ದು ಎಷ್ಟು ಬೆರೆಸಿದ್ದಾರೆ ಅನ್ನೋದರ ಗುರುತು. ಸುಮಾರಾಗಿ ಹೇಳೋದಾದ್ರೆ 4ರಲ್ಲಿ ಇರೋದರ ಎರಡರಷ್ಟು 5ರಲ್ಲಿ ಇರುತ್ತೆ. ಆ ಮದ್ದು ಲೋಹದ ಮೈಗೆ ಅಂಟಿ ಜಾರುವ ಪದರ ಕಟ್ಟುತ್ತೆ. ಹಿತ್ತಾಳೆ ರಿಂಗಿಗೆ ಆ ಪದರ ಬೇಡ. ಅದು ಕೋನನ್ನ ಹಿಡಿಯೋ ಬದಲು ಜಾರುತ್ತೆ, ವೇಗ ಒಂದಾಗೋ ಮೊದಲೇ ಹಲ್ಲಿಗೆ ಹಲ್ಲು ತಾಗುತ್ತೆ. ನಿಮಗೆ ಕೇಳೋ ಕರ್ರ್ ಅದೇ.

ಅದೇ ಜಿಎಲ್-5 ಹಿಂದಿನ ಕ್ರೌನಿಗೆ ಬೇಕೇ ಬೇಕು. ಓಮ್ನಿ ಹಿಂದಿನ ಚಕ್ರ ಓಡಿಸೋ ಗಾಡಿ. ಗೇರ್‌ಬಾಕ್ಸ್ ಬೇರೆ, ಹಿಂದಿನ ಆಕ್ಸಲಲ್ಲಿ ಡಿಫರೆನ್ಷಿಯಲ್ ಬೇರೆ. ಅಲ್ಲಿರೋದು ಹೈಪಾಯ್ಡ್ ಹಲ್ಲು. ಪಿನಿಯನ್ ಶಾಫ್ಟ್ ಕ್ರೌನ್ ವೀಲಿನ ನಡುವಿಗೆ ಸರಿಯಾಗಿ ಬರಲ್ಲ, ಸ್ವಲ್ಪ ಕೆಳಗೆ ಬರುತ್ತೆ. ಹಾಗಾಗಿ ಹಲ್ಲಿನ ಮೇಲೆ ಹಲ್ಲು ಉರುಳೋದರ ಜೊತೆಗೆ ಉದ್ದಕ್ಕೆ ಜಾರ್ತಾನೂ ಇರುತ್ತೆ. ಅಷ್ಟು ಒತ್ತಡದಲ್ಲಿ ಜಾರುವಾಗ ಬರೀ ಆಯಿಲ್ ಪದರ ತಡೆಯಲ್ಲ, ಆ ಮದ್ದೇ ಹಲ್ಲು ಕಾಯ್ಬೇಕು. ಅಲ್ಲಿಗೆ ಜಿಎಲ್-4 ಹಾಕಿದ್ರೆ ಲೋಡಲ್ಲಿ ಹಲ್ಲಿನ ಮೈ ಕೆರೆದು ಹೋಗುತ್ತೆ.

ಆದ್ದರಿಂದ ಒಂದೇ ಡಬ್ಬದಲ್ಲಿ ಎರಡೂ ಕಡೆ ಮುಗಿಸೋದು ಈ ಗಾಡಿಗೆ ಆಗಲ್ಲ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಗೇರ್‌ಬಾಕ್ಸಿಗೆ ಒಂದು ಸಾಲು, ಡಿಫರೆನ್ಷಿಯಲ್ಲಿಗೆ ಒಂದು ಸಾಲು ಇರುತ್ತೆ. ಎರಡೂ ಓದಿ, ಅಂಗಡಿಗೆ ಹೋದಾಗ ಮೊದಲು ಜಿಎಲ್ ಕೇಳಿ, ಆಮೇಲೆ ನಂಬರ್ ಕೇಳಿ. ನಮ್ಮ ಕಡೆ ಎಲ್ರೂ "90 ಆಯಿಲ್ ಕೊಡಿ" ಅಂತಾರೆ, ಅಂಗಡಿಯವರು ಕೈಗೆ ಸಿಕ್ಕ 90 ಕೊಡ್ತಾರೆ. ಲಾರಿ, ಟ್ರ್ಯಾಕ್ಟರ್ ಜಾಸ್ತಿ ಇರೋ ಊರಲ್ಲಿ ಕೈಗೆ ಸಿಗೋದು ಕ್ರೌನಿನ ಜಿಎಲ್-5. ನಿಮಗೆ ಆಗಿರೋದೂ ಅದೇ.

ಅರಕಲಗೂಡಿನವರೇ, ಜೀಪಿನ ಕೂಗು ಕಡಿಮೆ ಆಗಿದ್ದು ನಿಜ ಇರ್ಬಹುದು. ದಪ್ಪ ಆಯಿಲ್ ಸವೆದ ಬೇರಿಂಗಿನ ಶಬ್ದ ಮುಚ್ಚುತ್ತೆ. ಬೇರಿಂಗ್ ಸರಿಯಾಗಿರಲ್ಲ. ಇವರ ಗಾಡಿಗೆ 140 ಹಾಕಿದ್ರೆ ಬೆಳಗಿನ ತೊಂದರೆ ಇನ್ನೂ ಜಾಸ್ತಿ ಆಗುತ್ತೆ. ರಿಂಗಿನ ಗೆರೆಗೆ ಅಷ್ಟು ದಪ್ಪದ ಪದರ ಕತ್ತರಿಸೋಕೆ ಹೊತ್ತು ಬೇಕು. ಬಿಸಿಯಾದ್ಮೇಲೆ ಎರಡನೇ ಗೇರ್ ಸಲೀಸು ಅಂತ ಅವರೇ ಬರೆದಿದ್ದಾರಲ್ಲ, ದಪ್ಪ ಬೇಡ ಅಂತ ಗೇರ್‌ಬಾಕ್ಸೇ ಹೇಳ್ತಾ ಇದೆ.

ತೀರ್ಥಹಳ್ಳಿ ಓಮ್ನಿ

ಮೇಸ್ತ್ರಿ, ತುಂಬಾ ಉಪಕಾರ ಆಯ್ತು. ನೀವು ಹೇಳಿದ ಹಾಗೆ ನೋಡ್ದೆ. ಇಂಜಿನ್ ಆಫ್ ಇದ್ದಾಗ ಎಲ್ಲಾ ಗೇರೂ ಬೀಳುತ್ತೆ, ಸ್ಟಾರ್ಟ್ ಮಾಡಿ ಕಾದು ಹಾಕಿದ್ರೆ ರಿವರ್ಸೂ ಶಬ್ದ ಇಲ್ದೆ ಬೀಳುತ್ತೆ. ಅಂದ್ರೆ ಕ್ಲಚ್ ಸರಿ ಇದೆ ತಾನೆ?

ಇನ್ನೊಂದು ವಿಷಯ. ಈ ಜಿಎಲ್-5 ಹಿತ್ತಾಳೆನ ತಿಂದುಹಾಕುತ್ತೆ, ಒಂದು ವರ್ಷದಲ್ಲಿ ರಿಂಗ್ ಪುಡಿ ಆಗುತ್ತೆ ಅಂತ ಒಬ್ರು ಹೆದರಿಸಿದ್ರು. ಆ ಆಯಿಲ್ ಹಾಕಿ ಹೆಚ್ಚುಕಡಿಮೆ ಅಷ್ಟೇ ಆಗ್ತಾ ಬಂತು. ಬಾಕ್ಸ್ ಬಿಚ್ಚಿಸ್ಲೇಬೇಕಾ? ಜಿಎಲ್-4/ಜಿಎಲ್-5 ಅಂತ ಎರಡೂ ಬರೆದಿರೋ ಡಬ್ಬಾನೂ ನೋಡ್ದೆ. ಅದು ಎರಡೂ ಕಡೆಗೆ ಆಗುತ್ತಾ?

ಆಯಿಲ್ ಲ್ಯಾಬ್, ಮಂಗಳೂರು

ನಾನು ಲೂಬ್ರಿಕೆಂಟ್ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ ಮಾಡೋದು. ಮೇಸ್ತ್ರಿಯವರು ಹೇಳಿದ್ದು ಸರಿ. ಹಿತ್ತಾಳೆ ತಿನ್ನೋ ವಿಷಯಕ್ಕೆ ನಾನು ಹೇಳ್ತೀನಿ, ಯಾಕಂದ್ರೆ ಆ ಪರೀಕ್ಷೆ ನಮ್ಮ ಕೈಲೇ ನಡೆಯುತ್ತೆ.

ಅದಕ್ಕೆ ತಾಮ್ರದ ಪಟ್ಟಿ ಪರೀಕ್ಷೆ ಅಂತೀವಿ. ಬೆರಳುದ್ದದ ತಾಮ್ರದ ಪಟ್ಟಿಯನ್ನ ಸಣ್ಣ ಪುಡಿಯಲ್ಲಿ ಉಜ್ಜಿ ಕಲೆಯಿಲ್ಲದ ಹಾಗೆ ಮಾಡಿ, ಬೆರಳು ತಾಗಿಸದೆ ಇಕ್ಕಳದಲ್ಲಿ ಹಿಡಿದು ಆಯಿಲ್ ಇರೋ ಟ್ಯೂಬಿಗೆ ಇಳಿಸ್ತೀವಿ. ಗೇರ್ ಆಯಿಲ್ಲಿಗೆ 121 ಡಿಗ್ರಿ ಸೆಲ್ಸಿಯಸ್, 3 ಗಂಟೆ. ತೆಗೆದು ತೊಳೆದು ಬಣ್ಣದ ಚಾರ್ಟಿನ ಪಕ್ಕ ಹಿಡಿದು ನೋಡೋದು. ತಿಳಿ ಕಿತ್ತಳೆ ಉಳಿದ್ರೆ 1ಎ. ಆಮೇಲೆ ಕೆಂಪು, ನೇರಳೆ, ನವಿಲು ಬಣ್ಣ, ಕಡೆಗೆ ಹೊಳೆಯೋ ಕಡುಗಪ್ಪು ಬಂದ್ರೆ 4ಸಿ. ಗಂಧಕ ಚುರುಕಾಗಿದ್ದಷ್ಟೂ ಪಟ್ಟಿ ಕಪ್ಪಾಗುತ್ತೆ.

ಹಳೇ ಕಾಲದ ಜಿಎಲ್-5 ಆಯಿಲ್‌ಗಳಿಗೆ ಹಿತ್ತಾಳೆ ತಿನ್ನೋ ಹೆಸರು ಬಂದಿದ್ದು ಸುಳ್ಳಲ್ಲ. ಆದ್ರೆ ಈಗಿನ ಒಳ್ಳೆ ಕಂಪನಿಗಳ ಜಿಎಲ್-5ರಲ್ಲಿ ತಾಮ್ರದ ಮೈ ಕಾಯೋ ಇನ್ನೊಂದು ಮದ್ದೂ ಬೆರೆಸಿರ್ತಾರೆ. ಪಟ್ಟಿ ಸಾಕಷ್ಟು ತಿಳಿಯಾಗೇ ಹೊರಗೆ ಬರುತ್ತೆ. ಹಾಗಾಗಿ ಒಂದು ವರ್ಷದಲ್ಲಿ ರಿಂಗ್ ಪುಡಿಯಾಗುತ್ತೆ ಅನ್ನೋದಕ್ಕೆ ಹೆದರ್ಬೇಡಿ. ಅದಕ್ಕಿಂತ ದೊಡ್ಡ ತೊಂದರೆ ಮೇಸ್ತ್ರಿ ಹೇಳಿದ ಜಾರಾಟವೇ. ರಿಂಗ್ ಹಿಡಿಯದೆ ಜಾರ್ತಾ ಜಾರ್ತಾ, ಹಲ್ಲಿನ ತುದಿ ತಾಗ್ತಾ ತಾಗ್ತಾ ಸವೆಯುತ್ತೆ. ಬೇಗ ಬದಲಾಯಿಸಿದಷ್ಟೂ ಒಳ್ಳೇದು.

ಎರಡೂ ಬರೆದಿರೋ ಡಬ್ಬದ ಬಗ್ಗೆ: ಅದರಲ್ಲಿ ಮದ್ದಿನ ಪ್ರಮಾಣ ಜಿಎಲ್-5ರ ಮಟ್ಟದ್ದೇ ಇರುತ್ತೆ. ಸಿಂಕ್ರೋಗೆ ಹೊಂದೋ ಹಾಗೆ ತಯಾರಿಸಿದ ಒಳ್ಳೆಯವೂ ಇವೆ, ಸುಮ್ನೆ ಬರೆದವೂ ಇವೆ. ಕೆಲವು ಗಾಡಿಗಳ ಪುಸ್ತಕದಲ್ಲೇ "ಜಿಎಲ್-4 ಅಥವಾ ಜಿಎಲ್-5" ಅಂತ ಇರುತ್ತೆ, ಟೊಯೋಟಾದ ಕೆಲವು ಮಾದರಿಗಳಲ್ಲಿ ನೋಡಿದ್ದೀನಿ. ಅಂಥ ಗಾಡಿಗೆ ಯೋಚನೆ ಬೇಡ. ಪುಸ್ತಕ ಜಿಎಲ್-4 ಅಂತ ಮಾತ್ರ ಹೇಳಿದ್ರೆ ಡಬ್ಬದ ಮೇಲೂ ಜಿಎಲ್-4 ಮಾತ್ರ ಇರೋದನ್ನೇ ತಗೊಳ್ಳಿ. ಸಿಗದೇ ಇರೋ ವಸ್ತುವೇನಲ್ಲ ಅದು.

ಇನ್ನು ನಂಬರ್. 90 ಅಂದ್ರೆ 100 ಡಿಗ್ರಿ ಬಿಸಿಯಲ್ಲಿ ಆಯಿಲ್ಲಿನ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗಿರ್ಬೇಕು. 140 ಅಂದ್ರೆ 24ರಿಂದ 32.5. ಬಿಸಿಯಲ್ಲೇ ಇಷ್ಟು ಅಂತರ. ತಣ್ಣಗಿದ್ದಾಗ ಇನ್ನೂ ಹೆಚ್ಚು. 40 ಡಿಗ್ರಿಯಲ್ಲಿ ಸಾಮಾನ್ಯ 80 ಡಬ್ಲ್ಯೂ-90 ಸುಮಾರು 140 ಸೆಂಟಿಸ್ಟೋಕ್ಸ್ ಬಂದ್ರೆ, 85 ಡಬ್ಲ್ಯೂ-140 ಮುನ್ನೂರು ದಾಟುತ್ತೆ. ತೀರ್ಥಹಳ್ಳಿಯ ಚಳಿಗಾಲದ ಬೆಳಿಗ್ಗೆ 15 ಡಿಗ್ರಿಯಲ್ಲಿ ಹೇಗಿರುತ್ತೆ ಯೋಚಿಸಿ.

ಡಬ್ಲ್ಯೂಗಿಂತ ಮೊದಲು ಬರೋ ಅಂಕಿ ಚಳಿಯದ್ದು. 75 ಡಬ್ಲ್ಯೂನ ಮೈನಸ್ 40ರಲ್ಲಿ, 80 ಡಬ್ಲ್ಯೂನ ಮೈನಸ್ 26ರಲ್ಲಿ, 85 ಡಬ್ಲ್ಯೂನ ಮೈನಸ್ 12ರಲ್ಲಿ ಪರೀಕ್ಷೆ ಮಾಡ್ತಾರೆ. ಆ ಚಳಿ ನಮ್ಮ ಕರ್ನಾಟಕದಲ್ಲಿ ಎಲ್ಲೂ ಇಲ್ಲ. ಹಾಗಂತ ಸಿಂಥೆಟಿಕ್ 75 ಡಬ್ಲ್ಯೂ-90 ದಂಡ ಅಲ್ಲ. ಅದು ತಣ್ಣಗಿದ್ದಾಗ 80 ಡಬ್ಲ್ಯೂ-90ಕ್ಕಿಂತ ತೆಳು, ಬಿಸಿಯಲ್ಲಿ ಅಷ್ಟೇ ದಪ್ಪ. ಬೆಳಗಿನ ಗೇರ್ ಸಲೀಸಾಗೋಕೆ ಖಂಡಿತ ಸಹಾಯ ಆಗುತ್ತೆ. ಅಂಗಡಿಯವರು ಹೇಳಿದ್ದರಲ್ಲಿ ತಪ್ಪಿಲ್ಲ, ಅದು ಜಿಎಲ್-4 ಆಗಿದ್ರೆ. 75 ಡಬ್ಲ್ಯೂ-90 ಸಿಂಥೆಟಿಕ್‌ಗಳಲ್ಲಿ ಜಿಎಲ್-5 ಬಹಳ ಇವೆ, ಡಬ್ಬ ತಿರುಗಿಸಿ ಓದದೆ ದುಡ್ಡು ಕೊಡ್ಬೇಡಿ.

ಇಂಜಿನ್ ಆಯಿಲ್ಲಿನ ಅಂಕಿ ಜೊತೆ ಇದನ್ನ ಹೋಲಿಸ್ಬೇಡಿ. ಎರಡಕ್ಕೂ ಅಳತೆ ಬೇರೆ. ಗೇರ್ ಆಯಿಲ್ 90ರ ದಪ್ಪ ಇಂಜಿನ್ ಆಯಿಲ್ಲಿನ 40-50ರ ಆಸುಪಾಸಲ್ಲೇ ಬರುತ್ತೆ.

ಗೇರ್‌ಬಾಕ್ಸ್ ಮೇಸ್ತ್ರಿ, ಶಿವಮೊಗ್ಗ

ಮೇಡಂ ಹೇಳಿದ್ದು ಒಪ್ಪಿದೆ. ನಮ್ಮ ಕೈಗೆ ಬರೋ ರಿಂಗುಗಳಲ್ಲಿ ಕಪ್ಪಾಗಿ ಗುಳಿ ಬಿದ್ದಿದ್ದು ಕಡಿಮೆಯೇ, ನುಣ್ಣಗೆ ಸವೆದಿದ್ದೇ ಜಾಸ್ತಿ.

ತೀರ್ಥಹಳ್ಳಿಯವರೇ, ಕ್ಲಚ್ ಸರಿ ಇದೆ. ಬಾಕ್ಸ್ ಬಿಚ್ಚಿಸ್ಬೇಡಿ ಈಗಲೇ. ಬಾಕ್ಸ್ ಇಳಿಸಿ ಹತ್ತಿಸೋ ಮಜೂರಿ ಮುಂದೆ ಆಯಿಲ್ ಖರ್ಚು ಏನೂ ಅಲ್ಲ, ಮೊದಲು ಆಯಿಲ್ ಬದಲಾಯಿಸಿ. ಗೇರ್‌ಬಾಕ್ಸಿಗೆ ಜಿಎಲ್-4, 75 ಡಬ್ಲ್ಯೂ-90 ಸಿಕ್ರೆ ಅದು, ಇಲ್ಲಾಂದ್ರೆ 80 ಡಬ್ಲ್ಯೂ-90. ಮನೇಲಿ ಮಿಕ್ಕಿರೋ ಇಪಿ 90 ಜಿಎಲ್-5 ಎಸೀಬೇಡಿ, ಹಿಂದಿನ ಕ್ರೌನಿಗೆ ಟಾಪ್ ಅಪ್ ಮಾಡೋಕೆ ಆಗುತ್ತೆ.

ಬದಲಾಯಿಸುವಾಗ ನೀವು ಹತ್ರ ನಿಂತು ನೋಡ್ಕೊಳ್ಳಿ. ಗಾಡಿ ಒಂದರ್ಧ ಗಂಟೆ ಓಡಿರ್ಬೇಕು, ಬಿಸಿ ಆಯಿಲ್ ಕೊಳೆ ಸಮೇತ ಇಳಿಯುತ್ತೆ. ಮೊದಲು ಬಿಚ್ಚಬೇಕಾಗಿದ್ದು ಮೇಲಿನ ಫಿಲ್ಲರ್ ಬೋಲ್ಟ್, ಕೆಳಗಿನ ಡ್ರೈನ್ ಬೋಲ್ಟ್ ಅಲ್ಲ. ಹಳೇ ಗಾಡಿಲಿ ಫಿಲ್ಲರ್ ಬೋಲ್ಟ್ ತುಕ್ಕು ಹಿಡಿದು ಬಿಗಿದಿರುತ್ತೆ. ಆಯಿಲ್ ಎಲ್ಲಾ ಸುರಿಸಿದ್ಮೇಲೆ ಅದು ಬರ್ಲಿಲ್ಲ ಅಂದ್ರೆ ಗಾಡಿ ಅಲ್ಲೇ ಮಲಗುತ್ತೆ. ಬೋಲ್ಟಿಗೆ ಸರಿಯಾಗಿ ಕೂರೋ ಸ್ಪ್ಯಾನರ್ ಹಾಕಿಸಿ, ಪೈಪ್ ರೆಂಚ್ ತಂದ್ರೆ ಬೇಡ ಅನ್ನಿ. ಮೂಲೆ ಉರುಟಾದ್ರೆ ಮುಂದಿನ ಸಲ ವೆಲ್ಡಿಂಗ್ ಅಂಗಡಿಗೆ ಹೋಗ್ಬೇಕಾಗುತ್ತೆ.

ಇಳಿದ ಆಯಿಲ್ ಅಗಲ ಟಬ್ಬಲ್ಲಿ ಹಿಡಿಸಿ, ಬಿಸಿಲಿಗೆ ವಾಲಿಸಿ ನೋಡಿ. ಹೊಂಬಣ್ಣದ ಸಣ್ಣ ಪುಡಿ ತೇಲ್ತಾ ಮಿಂಚಿದ್ರೆ ಅದು ರಿಂಗಿನ ಹಿತ್ತಾಳೆ, ಸ್ವಲ್ಪ ಇದ್ದೇ ಇರುತ್ತೆ. ಡ್ರೈನ್ ಬೋಲ್ಟಿಗೆ ಆಯಸ್ಕಾಂತ ಇದ್ರೆ ಅದರ ತುದಿಯಲ್ಲಿ ಬೂದು ಬಣ್ಣದ ಸಣ್ಣ ಪೇಸ್ಟ್ ಅಂಟಿರುತ್ತೆ. ಎರಡು ಬೆರಳಲ್ಲಿ ಉಜ್ಜಿ, ನುಣ್ಣಗಿದ್ರೆ ಸಹಜ ಸವೆತ. ಚೂರು ಚುಚ್ಚಿದ್ರೆ, ಹಲ್ಲಿನ ತುಂಡು ಸಿಕ್ರೆ, ಆಗ ಬಾಕ್ಸ್ ಬಿಚ್ಚೋ ಮಾತು.

ಆಯಿಲ್ ಹಾಲಿನ ಚಹಾ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ. ನಿಮ್ಮ ಕಡೆ ಇದನ್ನ ನೋಡ್ಲೇಬೇಕು, ಹಿಂದಿನ ಕ್ರೌನಲ್ಲಿ ವಿಶೇಷವಾಗಿ. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ನೀರಿಗೆ ಇಳಿದ ತಕ್ಷಣ ತಣ್ಣಗಾಗುತ್ತೆ, ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರಿಂದ (ಆಕ್ಸಲಿನ ಗಾಳಿ ಆಡೋ ತೂತು) ನೀರು ಒಳಗೆ ಎಳ್ಕೊಳ್ಳುತ್ತೆ. ಮಳೆಗಾಲದಲ್ಲಿ ತೋಟದ ಹಳ್ಳ ದಾಟೋ ಓಮ್ನಿ, ಜೀಪು ಎರಡರಲ್ಲೂ ನೋಡಿದ್ದೀನಿ. ಬ್ರೀದರಲ್ಲಿ ಮಣ್ಣು ಕೂತು ಕಟ್ಟಿದ್ರೆ ಉಲ್ಟಾ ತೊಂದರೆ, ಒಳಗೆ ಒತ್ತಡ ಏರಿ ಆಯಿಲ್ ಸೀಲಲ್ಲಿ ಸೋರುತ್ತೆ. ಹಾಗಾಗಿ ಬ್ರೀದರ್ ಬಿಚ್ಚಿ ಊದಿ ಕೂರಿಸಕ್ಕೆ ಹೇಳಿ.

ಡ್ರೈನ್ ಬೋಲ್ಟಿಗೆ ವಾಷರ್ ಇದ್ರೆ ಹೊಸದು ಹಾಕಿಸಿ. ತುಂಬುವಾಗ ಲೀಟರ್ ಲೆಕ್ಕ ಮುಖ್ಯ ಅಲ್ಲ. ಗಾಡಿ ನಾಲ್ಕೂ ಚಕ್ರದಲ್ಲಿ ಸಮ ನಿಂತಿರ್ಬೇಕು, ಫಿಲ್ಲರ್ ತೂತಿನ ಅಂಚಿಗೆ ಬಂದು ತೊಟ್ಟಿಕ್ಕೋ ತನಕ ತುಂಬ್ಬೇಕು. ಮುಂದಿನ ಚಕ್ರ ಮಾತ್ರ ಜ್ಯಾಕ್ ಮೇಲೆತ್ತಿ ತುಂಬಿದ್ರೆ ಲೆವೆಲ್ ತಪ್ಪುತ್ತೆ. ಕಡಿಮೆ ಆಯಿಲ್ ಇರೋ ಬಾಕ್ಸಿಗೆ ಎಷ್ಟು ಒಳ್ಳೆ ಆಯಿಲ್ ಹಾಕಿದ್ರೂ ಬೇರಿಂಗ್ ಉಳಿಯಲ್ಲ.

ಬೆಂಗಳೂರು ಸಿಟಿ ಡ್ರೈವ್

ಓದ್ತಾ ಇದ್ದೆ, ನನ್ನ ಪ್ರಶ್ನೆಯನ್ನೂ ಇಲ್ಲೇ ಕೇಳ್ತೀನಿ. ನನ್ನದು ಹೋಂಡಾ ಸಿಟಿ ಮ್ಯಾನ್ಯುಯಲ್. ಜೆ.ಸಿ. ರಸ್ತೆ ಅಂಗಡಿಲಿ ಗೇರ್ ಆಯಿಲ್ ಕೇಳಿದ್ರೆ ಜಿಎಲ್-4 80 ಡಬ್ಲ್ಯೂ-90 ಕೊಟ್ರು. ಇಲ್ಲಿ ಓದಿದ ಪ್ರಕಾರ ಜಿಎಲ್-4 ಅಂದ್ರೆ ಸರಿ ಅಲ್ವಾ? ಇನ್ನೂ ಹಾಕ್ಸಿಲ್ಲ. ನಮ್ಮ ಅತ್ತಿಗೆಯ ಹ್ಯುಂಡೈಗೂ ಇದೇ ಆಗುತ್ತಾ?

ಗೇರ್‌ಬಾಕ್ಸ್ ಮೇಸ್ತ್ರಿ, ಶಿವಮೊಗ್ಗ

ಹಾಕಿಸ್ಬೇಡಿ ಸರ್, ವಾಪಸ್ ಕೊಡಿ. ಹೋಂಡಾದವರು ಮ್ಯಾನ್ಯುಯಲ್ ಬಾಕ್ಸಿಗೆ ಅವರದ್ದೇ ಎಂಟಿಎಫ್ ಅಂತ ತೆಳು ಆಯಿಲ್ ಹೇಳ್ತಾರೆ. ಅದು ಸಿಗದೇ ಇದ್ರೆ ತಾತ್ಕಾಲಿಕವಾಗಿ 10 ಡಬ್ಲ್ಯೂ-30 ಅಥವಾ 10 ಡಬ್ಲ್ಯೂ-40 ಇಂಜಿನ್ ಆಯಿಲ್ ಹಾಕ್ಬಹುದು ಅಂತ ಅವರ ಪುಸ್ತಕಗಳಲ್ಲೇ ಇರುತ್ತೆ. ಅಂಥ ಬಾಕ್ಸಿಗೆ 80 ಡಬ್ಲ್ಯೂ-90 ಸುರಿದ್ರೆ ಬೆಳಿಗ್ಗೆ ಲಿವರ್ ಕಲ್ಲಾಗುತ್ತೆ. ಹ್ಯುಂಡೈದು ಇನ್ನೊಂದು ಥರ. ಹಳೇ ಮಾದರಿಗಳಿಗೆ 75 ಡಬ್ಲ್ಯೂ/85 ಜಿಎಲ್-4, ಈಚಿನವಕ್ಕೆ 70 ಡಬ್ಲ್ಯೂ ಜಿಎಲ್-4. ಅತ್ತಿಗೆಯವರ ಗಾಡಿ ವರ್ಷದ ಪುಸ್ತಕ ತೆಗೆದು ನೋಡಿ.

ನಾನು ಓಮ್ನಿಗೆ ಹೇಳಿದ್ದು ಓಮ್ನಿಗೆ. ಮುಂದಿನ ಚಕ್ರ ಓಡಿಸೋ ಕಾರುಗಳಲ್ಲಿ ಇಂಜಿನ್ ಅಡ್ಡ ಕೂತಿದ್ರೆ ಗೇರ್‌ಬಾಕ್ಸೂ ಡಿಫರೆನ್ಷಿಯಲ್ಲೂ ಒಂದೇ ಪೆಟ್ಟಿಗೇಲಿ, ಒಂದೇ ಆಯಿಲ್ಲಲ್ಲಿ ಇರ್ತವೆ. ಅಲ್ಲಿ ಹೈಪಾಯ್ಡ್ ಹಲ್ಲಿಲ್ಲ, ಓರೆ ಹಲ್ಲಿನ ಸಾದಾ ಗೇರು. ಆದ್ದರಿಂದ ಜಿಎಲ್-5ರ ಅಗತ್ಯವೇ ಇಲ್ಲ, ತೆಳು ಆಯಿಲ್ಲಿಗೆ ತಕ್ಕ ಹಾಗೆ ಬೇರಿಂಗು, ಸಿಂಕ್ರೋ ಎಲ್ಲಾ ಮಾಡಿರ್ತಾರೆ. ಫೋಕ್ಸ್‌ವ್ಯಾಗನ್, ಸ್ಕೋಡಾದವರಿಗೆ ಅವರದ್ದೇ ನಂಬರಿನ ಆಯಿಲ್. ಯಾವ ಗಾಡಿ ಬಂದ್ರೂ ನಾನು ಪುಸ್ತಕ ತನ್ನಿ ಅಂತೀನಿ, ಪುಸ್ತಕ ಕಳೆದಿದ್ರೆ ಮಾಡೆಲ್ ವರ್ಷ ಹೇಳಿ ಕಂಪನಿ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿ ಅಂತೀನಿ.

ತೀರ್ಥಹಳ್ಳಿ ಓಮ್ನಿ

ಮೇಸ್ತ್ರಿ, ಮೇಡಂ, ಕೆಲಸ ಆಯ್ತು. ಶಿವಮೊಗ್ಗಕ್ಕೆ ಬಂದಾಗ ಜಿಎಲ್-4 75 ಡಬ್ಲ್ಯೂ-90 ಸಿಕ್ತು. ಊರಲ್ಲೇ ಬೇರೆ ಗ್ಯಾರೇಜಲ್ಲಿ ಹಾಕ್ಸಿದೆ. ಫಿಲ್ಲರ್ ಬೋಲ್ಟ್ ನಿಜವಾಗ್ಲೂ ಬಿಗಿದಿತ್ತು. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಕಾದು ತೆಗೆಯೋದರಲ್ಲಿ ಅರ್ಧ ಮಧ್ಯಾಹ್ನ ಹೋಯ್ತು. ಡ್ರೈನ್ ಮೊದಲು ಬಿಚ್ಚಿದ್ರೆ ಏನ್ಗತಿ ಅಂತ ಆ ಹುಡುಗನೇ ಅಂದ.

ಇಳಿದ ಆಯಿಲ್ಲಲ್ಲಿ ಹೊಂಬಣ್ಣದ ಮಿಂಚು ಇತ್ತು, ಚೂರು ಗೀರು ಏನೂ ಸಿಕ್ಲಿಲ್ಲ. ಕ್ರೌನಿನ ಆಯಿಲ್ ಮಾತ್ರ ನೀವು ಹೇಳಿದ ಚಹಾ ಬಣ್ಣವೇ! ನಮ್ಮ ತೋಟದ ಹಳ್ಳದ್ದೇ ನೀರು ಇರ್ಬೇಕು. ಅದನ್ನೂ ಪೂರ್ತಿ ಇಳಿಸಿ ಹೊಸ ಜಿಎಲ್-5 ಹಾಕಿ, ಬ್ರೀದರ್ ಕ್ಲೀನ್ ಮಾಡ್ಸಿದೆ.

ಬೆಳಿಗ್ಗೆ ಎರಡನೇ ಗೇರ್ ಈಗ ಒಂದೇ ಕೈಯಲ್ಲಿ ಹೋಗುತ್ತೆ. ಘಾಟಿಲಿ ಮೂರರಿಂದ ಎರಡಕ್ಕೆ ನಿಧಾನ ಹಾಕಿದ್ರೆ ಶಬ್ದ ಇಲ್ಲ, ಅವಸರದಲ್ಲಿ ಹಾಕಿದ್ರೆ ಸಣ್ಣದಾಗಿ ಕರ್ ಅನ್ನೋದು ಉಳಿದಿದೆ. ಇದು ಓಡ್ತಾ ಓಡ್ತಾ ಹೋಗುತ್ತಾ?

ಗೇರ್‌ಬಾಕ್ಸ್ ಮೇಸ್ತ್ರಿ, ಶಿವಮೊಗ್ಗ

ಹೋಗಲ್ಲ. ಅಷ್ಟು ರಿಂಗ್ ಸವೆದಾಗಿದೆ, ಸವೆದ ಹಿತ್ತಾಳೆ ಯಾವ ಆಯಿಲ್ಲಿಗೂ ವಾಪಸ್ ಬರಲ್ಲ. ಆದ್ರೆ ಹೀಗೇ ಬಹಳ ಕಾಲ ಓಡುತ್ತೆ. ತಿರುವಿಗೆ ಬರೋ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ, ಆಮೇಲೆ ಎರಡಕ್ಕೆ ಹಾಕಿ. ತೀರಾ ಬೇಕಾದ್ರೆ ಡಬಲ್ ಕ್ಲಚ್ ಮಾಡಿ: ಕ್ಲಚ್ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಸಣ್ಣಗೆ ಆಕ್ಸಿಲೇಟರ್, ಮತ್ತೆ ಕ್ಲಚ್ ತುಳಿದು ಎರಡು. ಹಾಗೆ ಮಾಡಿದ್ರೆ ರಿಂಗಿಗೆ ಕೆಲಸವೇ ಉಳಿಯಲ್ಲ. ಸಮ ರಸ್ತೇಲಿ ಅಭ್ಯಾಸ ಮಾಡ್ಕೊಂಡೇ ಘಾಟಿಲಿ ಮಾಡಿ. ಅಮ್ಮ ಕೂತಿರುವಾಗ ಹೊಸದಾಗಿ ಕಲಿಯೋದು ಬೇಡ.

ಕ್ಲಚ್ ಪ್ಲೇಟ್ ಬದಲಾಯಿಸೋ ಕಾಲ ಬಂದಾಗ ಹೇಗೂ ಬಾಕ್ಸ್ ಇಳಿಸ್ತಾರೆ. ಆಗ ಎರಡನೇದರ ರಿಂಗೂ ಹಾಕಿಸ್ಕೊಳ್ಳಿ, ಇಳಿಸೋ ಮಜೂರಿ ಎರಡು ಸಲ ಕೊಡೋದು ತಪ್ಪುತ್ತೆ. ಕ್ರೌನಿನ ಆಯಿಲ್ ಮಾತ್ರ ಈ ಮಳೆಗಾಲ ಮುಗಿದ ಮೇಲೆ ಬೋಲ್ಟ್ ಬಿಚ್ಚಿ ಬೆರಳು ಅದ್ದಿ ಒಂದ್ಸಲ ನೋಡಿ. ಬಣ್ಣ ಮತ್ತೆ ತಿರುಗಿದ್ರೆ ಕಾಯ್ಬೇಡಿ, ಬದಲಾಯಿಸಿಬಿಡಿ.